ಅಪ್‌ಡೇಟ್: ಲ್ಯಾಪ್‌ಟಾಪ್ ಬಿಸಿ ಕೊನೆಗೂ ಇಳಿಯಿತು

ಗೇಮ್ ಶುರು ಮಾಡಿದ 20 ನಿಮಿಷಕ್ಕೇ ಲ್ಯಾಪ್‌ಟಾಪ್ 97 ಡಿಗ್ರಿ ಮುಟ್ಟಿ ಆಟ ತಡವರಿಸುತ್ತದೆ ಎಂದು ಹೋದ ವಾರ ಕೇಳಿದ್ದೆ. ಈಗ 82 ದಾಟುತ್ತಿಲ್ಲ!

ಕೆಲಸ ಮಾಡಿದ್ದು ‘ಬಿಚ್ಚಿ ನೋಡಿ’ ಎಂಬ ಸಲಹೆ. ಹೊರಗಿನ ಜಾಲರಿ ಚೊಕ್ಕವಾಗಿಯೇ ಕಾಣುತ್ತಿತ್ತು. ಒಳಗೆ ನೋಡಿದರೆ ಫ್ಯಾನ್‌ಗೂ ಹೀಟ್‌ಸಿಂಕ್‌ಗೂ (ಚಿಪ್‌ನ ಬಿಸಿ ಹೀರಿ ಗಾಳಿಗೆ ಬಿಡುವ ಲೋಹದ ಭಾಗ) ನಡುವೆ ಧೂಳು ಕಂಬಳಿಯಂತೆ ಕೂತಿತ್ತು. ಬಿಸಿಗಾಳಿ ಹೊರಗೆ ಹೋಗುವುದಾದರೂ ಹೇಗೆ, ಅಲ್ವಾ? ಫ್ಯಾನ್ ತಿರುಗದಂತೆ ಬೆರಳಲ್ಲಿ ಹಿಡಿದು ಬ್ರಷ್‌ನಿಂದ ಧೂಳು ತೆಗೆದೆ. ಚಿಪ್‌ನ ಬಿಸಿಯನ್ನು ಹೀಟ್‌ಸಿಂಕ್‌ಗೆ ದಾಟಿಸುವ ಥರ್ಮಲ್ ಪೇಸ್ಟ್ ಒಣಗಿತ್ತು, ಅದನ್ನು ಒರೆಸಿ ಹೊಸದು ಹಾಕಿದೆ. ಬಿಚ್ಚಿದ ತಕ್ಷಣ ಬ್ಯಾಟರಿ ಕನೆಕ್ಟರ್ ತೆಗೆದಿಡಿ, ಮರೆಯಬೇಡಿ.

ಲ್ಯಾಪ್‌ಟಾಪ್ ಕೆಳಗೆ ಇಡುವ ಫ್ಯಾನ್ ಇರುವ ಕೂಲಿಂಗ್ ಪ್ಯಾಡ್‌ನಿಂದ ಇಳಿದದ್ದು ಬರೀ 3 ಡಿಗ್ರಿ. ಅಚ್ಚರಿ ಎಂದರೆ, ಫ್ರೇಮ್ ರೇಟ್ (ಗೇಮ್ ಸೆಕೆಂಡಿಗೆ ತಯಾರಿಸುವ ಚಿತ್ರಗಳ ಸಂಖ್ಯೆ) 60ಕ್ಕೆ ಮಿತಿ ಹಾಕಿದಾಗ ಇನ್ನೂ 6 ಡಿಗ್ರಿ ಇಳಿಯಿತು. ನನ್ನ ಪರದೆಯೇ 60 ಹರ್ಟ್ಸ್, ಅಂದರೆ ಸೆಕೆಂಡಿಗೆ 60 ಚಿತ್ರ ಮಾತ್ರ ತೋರಿಸುತ್ತದೆ. ಅದಕ್ಕಿಂತ ಜಾಸ್ತಿ ಫ್ರೇಮ್ ಸುಮ್ನೆ ಬಿಸಿ ಮಾಡುತ್ತಿತ್ತು. ಸಲಹೆ ಕೊಟ್ಟವರಿಗೆಲ್ಲ ತುಂಬಾ ಥ್ಯಾಂಕ್ಸ್.