ತಂತ್ರಾಂಶ ಓಡುತ್ತಿರುವಾಗಲೇ ವರದಿಯ ಗುಂಪು ಬದಲಿಸುವುದು ಹೇಗೆ? ಅನುಭವವಿದ್ದವರು ತಿಳಿಸಿ

ಪ್ರಶ್ನೆ, ದಾವಣಗೆರೆಯಿಂದ

ಮೆಕ್ಕೆಜೋಳ ಮತ್ತು ಭತ್ತದ ದಲ್ಲಾಳಿ ಮಂಡಿಯೊಂದಕ್ಕೆ ನಾನು ಲೆಕ್ಕದ ತಂತ್ರಾಂಶವನ್ನು ಬರೆದುಕೊಟ್ಟಿದ್ದೇನೆ. ಆವಕದ ವರದಿಯನ್ನು ಮಾಲೀಕರು ಬೆಳಿಗ್ಗೆ ರೈತವಾರು, ಸಂಜೆ ಖರೀದಿದಾರವಾರು, ತಿಂಗಳ ಕೊನೆಗೆ ತಾಲ್ಲೂಕುವಾರು ಕೇಳುತ್ತಾರೆ. ಇದಕ್ಕಾಗಿ ವರದಿ ತಯಾರಿಸುವ ತಂತ್ರಾಂಶವಾದ ಕ್ರಿಸ್ಟಲ್ ರಿಪೋರ್ಟ್ಸ್‌ನಲ್ಲಿ ಮೂರು ಪ್ರತ್ಯೇಕ ಕಡತಗಳನ್ನು ಇಟ್ಟಿದ್ದು, ಒಂದರಲ್ಲಿ ತೂಕದ ಕಾಲಂ ತಿದ್ದಿದಾಗ ಉಳಿದೆರಡರಲ್ಲಿ ತಿದ್ದುವುದು ಮರೆತುಹೋಗುತ್ತಿದೆ. ಒಂದೇ ವರದಿಯನ್ನಿಟ್ಟುಕೊಂಡು, ಬಳಕೆದಾರರು ಆರಿಸಿದಂತೆ ಗುಂಪು ಬದಲಾಗುವ ಹಾಗೆ ಮಾಡಲು ಸಾಧ್ಯವೇ?

ಚಳ್ಳಕೆರೆಯಿಂದ

ಸಾಧ್ಯವಿದೆ. ಶೇಂಗಾ ಎಣ್ಣೆ ಗಿರಣಿಯೊಂದರ ಖರೀದಿ ವರದಿಯಲ್ಲಿ ನಾನು ಎರಡು ದಾರಿಗಳನ್ನು ಹಿಡಿದು ನೋಡಿದ್ದೇನೆ.

ಮೊದಲನೆಯದು, ವರದಿಯ ರಚನೆಯನ್ನು ಹೇಳುವ ಡೇಟಾ ಡೆಫಿನಿಷನ್‌ನಲ್ಲಿರುವ ಗ್ರೂಪ್ಸ್ ಪಟ್ಟಿಯನ್ನು ಪ್ರೋಗ್ರಾಮಿನಿಂದಲೇ ಹಿಡಿದು, ಸೊನ್ನೆಯಿಂದ ಎಣಿಕೆ ಶುರುವಾಗುವ ಆ ಪಟ್ಟಿಯ ಮೊದಲ ಗುಂಪಿನ, ಯಾವ ಕಾಲಮಿನ ಮೇಲೆ ಗುಂಪಾಗಬೇಕೆಂದು ಹೇಳುವ ಕಂಡಿಷನ್ ಫೀಲ್ಡ್‌ಗೆ ಬೇಕಾದ ಕಾಲಂ ಅನ್ನು ಕೊಡುವುದು. ವರದಿ ಪರದೆಗೆ ಬರುವ ಮೊದಲೇ ಇದು ಆಗಿರಬೇಕು. ಈ ದಾರಿಯಲ್ಲಿ ಇರುವ ಗುಂಪನ್ನು ಬದಲಿಸಬಹುದೇ ಹೊರತು ಇಲ್ಲದ ಗುಂಪನ್ನು ಸೇರಿಸಲು ಬರುವುದಿಲ್ಲ. ಗುಂಪಿನ ಹೆಸರು ತಾನಾಗಿಯೇ ಬದಲಾಗುತ್ತದೆಂದು ನಾನು ನೆಮ್ಮದಿಯಿಂದಿದ್ದೆ. ಆದರೆ ಕಾಲಮಿನ ಮೇಲೆ ನಾನೇ ಟೈಪಿಸಿದ್ದ ‘ರೈತರ ಹೆಸರು’ ಎಂಬ ಶೀರ್ಷಿಕೆ ಹಾಗೆಯೇ ಉಳಿದಿದ್ದರಿಂದ, ದಲ್ಲಾಳಿಗಳಿಗೆ ಕೊಡಬೇಕಾದ ಹಣದ ಪಟ್ಟಿಯು ರೈತರ ಪಟ್ಟಿಯೆಂದು ಅಚ್ಚಾಗಿ, ಗುಮಾಸ್ತರ ಫೈಲನ್ನೂ ಸೇರಿದ ಮೇಲೆ ನನ್ನ ಗಮನಕ್ಕೆ ಬಂತು.

ಅಂದಿನಿಂದ ನಾನು ಎರಡನೆಯ ದಾರಿಯಲ್ಲಿದ್ದೇನೆ. ಬಳಕೆದಾರರ ಆಯ್ಕೆಯನ್ನು ಹಿಡಿದಿಡುವ ಒಂದು ಪ್ಯಾರಾಮೀಟರ್ ಇಟ್ಟು, ಅದರ ಮೌಲ್ಯ ನೋಡಿ ರೈತರ ಹೆಸರನ್ನೋ ಖರೀದಿದಾರರ ಹೆಸರನ್ನೋ ತಾಲ್ಲೂಕನ್ನೋ ಹಿಂತಿರುಗಿಸುವ ಫಾರ್ಮುಲಾ ಬರೆದು, ವರದಿಯನ್ನು ಆ ಫಾರ್ಮುಲಾದ ಮೇಲೆಯೇ ಗುಂಪು ಮಾಡಬೇಕು. ಶೀರ್ಷಿಕೆಯನ್ನೂ ಅದೇ ಪ್ಯಾರಾಮೀಟರ್‌ನಿಂದ ಹುಟ್ಟಿಸಬೇಕು. ಫಾರ್ಮುಲಾದ ಎಲ್ಲ ಕವಲುಗಳೂ ಒಂದೇ ಬಗೆಯ ಮೌಲ್ಯವನ್ನು ಕೊಡಬೇಕಾದ್ದರಿಂದ ದಿನಾಂಕ ಮತ್ತು ಸಂಖ್ಯೆಗಳು ಪಠ್ಯವಾಗಬೇಕಾಗುತ್ತದೆ, ತೊಂದರೆ ಶುರುವಾಗುವುದೂ ಅಲ್ಲಿಂದಲೇ. ತಿಂಗಳ ಹೆಸರುಗಳನ್ನೇ ಇಟ್ಟರೆ ಅಕಾರಾದಿಯಲ್ಲಿ ಅಕ್ಟೋಬರ್ ಮೊದಲು ಬಂದು, ಲೆಕ್ಕದ ವರ್ಷದ ಮೊದಲ ತಿಂಗಳಾದ ಏಪ್ರಿಲ್ ಆಗಸ್ಟ್‌ನ ನಂತರ ನಿಲ್ಲುತ್ತದೆ. ‘2024-04’ ಎಂಬಂತೆ ವರ್ಷವನ್ನು ಮುಂದಿಟ್ಟರೆ ಮುಂದಿನ ಮಾರ್ಚ್‌ವರೆಗೆ ಸಾಲು ಸರಿಯಾಗಿರುತ್ತದೆ. ಲಾಟು ಸಂಖ್ಯೆಗೂ ಮುಂದೆ ಸೊನ್ನೆಗಳನ್ನು ಸೇರಿಸಿ, ಇಲ್ಲವಾದರೆ 9ಕ್ಕಿಂತ ಮೊದಲು 10 ಬರುತ್ತದೆ. ಖರೀದಿದಾರರು ಇನ್ನೂ ನಿಶ್ಚಯವಾಗದ ಲಾಟುಗಳಲ್ಲಿ ಆ ಕಾಲಂ ನಲ್ (ಏನೂ ತುಂಬದ ಖಾಲಿ) ಆಗಿರುವುದರಿಂದ, ಅದರ ಪರೀಕ್ಷೆಯನ್ನು ಫಾರ್ಮುಲಾದ ಖರೀದಿದಾರರ ಕವಲಿನಲ್ಲಿ ಎಲ್ಲಕ್ಕಿಂತ ಮೊದಲು ಬರೆದು ‘ಮಾರಾಟವಾಗಿಲ್ಲ’ ಎಂಬ ಗುಂಪಿಗೆ ಕಳುಹಿಸಿ.

ಮುಂದೆ ಗುಂಪಿನೊಳಗೆ ಗುಂಪು ಬೇಕಾಗಬಹುದೆಂದಾದರೆ ವಿನ್ಯಾಸದಲ್ಲಿ ಈಗಲೇ ಎರಡು ಗುಂಪುಗಳನ್ನು ಇಟ್ಟುಬಿಡಿ. ಬೇಡವಾದಾಗ ಎರಡನೆಯದರ ಫಾರ್ಮುಲಾ ಒಂದೇ ಸ್ಥಿರ ಪದವನ್ನು ಕೊಡಲಿ, ಅದರ ಹೆಡರ್ ಮತ್ತು ಫುಟರ್ ಮರೆಯಾಗಲಿ.

ಹರಿಹರದಿಂದ

ನಾನು ಇಂಥದ್ದೇ ಇನ್ನೊಂದು ತಂತ್ರಾಂಶವಾದ ಜಾಸ್ಪರ್ ರಿಪೋರ್ಟ್ಸ್ ಬಳಸುವವನು. ಅಲ್ಲಿ ಗುಂಪನ್ನು ನಿರ್ಧರಿಸುವ ಎಕ್ಸ್‌ಪ್ರೆಷನ್ ಬದಲಿಸಿದರಷ್ಟೇ ಸಾಲದು. ಆ ಎಕ್ಸ್‌ಪ್ರೆಷನ್‌ನ ಮೌಲ್ಯ ಬದಲಾದಾಗಲೆಲ್ಲ ಹೊಸ ಗುಂಪು ತೆರೆದುಕೊಳ್ಳುವುದರಿಂದ, ಸಾಲುಗಳು ಅದೇ ಕ್ರಮದಲ್ಲಿ ಬಾರದಿದ್ದರೆ ಒಬ್ಬನೇ ರೈತ ಒಂದೇ ಪುಟದಲ್ಲಿ ನಾಲ್ಕು ಕಡೆ ನಾಲ್ಕು ಉಪಮೊತ್ತಗಳೊಂದಿಗೆ ಕಾಣಿಸಿಕೊಳ್ಳುತ್ತಾನೆ. ಡೇಟಾಬೇಸಿನಿಂದ ಸಾಲುಗಳನ್ನು ತರುವ ಕ್ವೆರಿಯಲ್ಲಿ ಕ್ರಮವನ್ನು ಹೇಳುವ ಆರ್ಡರ್ ಬೈ ಕೂಡ ಜೊತೆಯಲ್ಲೇ ಬದಲಾಗಬೇಕು. ಕಾಲಮಿನ ಹೆಸರನ್ನು ಸಾಮಾನ್ಯ ಪ್ಯಾರಾಮೀಟರ್ ಆಗಿ ಕಳುಹಿಸಲು ಬಾರದೆ ಕ್ವೆರಿಯ ಪಠ್ಯದಲ್ಲೇ ಸೇರಿಸಬೇಕಾಗುತ್ತದೆ. ಆದ್ದರಿಂದ ಯಾರೂ ಬೇರೆ ಆಜ್ಞೆ ನುಸುಳಿಸದಂತೆ, ಪರದೆಯಿಂದ ಬಂದ ಪದವನ್ನು ನೇರವಾಗಿ ಸೇರಿಸದೆ, ನೀವೇ ಬರೆದಿಟ್ಟ ನಾಲ್ಕೈದು ಹೆಸರುಗಳ ಪಟ್ಟಿಯಲ್ಲಿ ಅದು ಇದ್ದರೆ ಮಾತ್ರ ಒಪ್ಪಿಕೊಳ್ಳಿ.

ಸಾಲುಗಳು ಲಕ್ಷಗಟ್ಟಲೆ ಇದ್ದರೆ ಚಳ್ಳಕೆರೆಯವರ ಫಾರ್ಮುಲಾ ನಿಧಾನವೆನಿಸಬಹುದು, ಏಕೆಂದರೆ ಅದರಲ್ಲಿ ಸಾಮಾನ್ಯವಾಗಿ ಎಲ್ಲ ಸಾಲುಗಳೂ ಮೊದಲು ವರದಿಯವರೆಗೆ ಬಂದು ಆಮೇಲೆ ಗುಂಪಾಗುತ್ತವೆ. ಅದೇ ಆಯ್ಕೆಯನ್ನು ಕ್ವೆರಿಯಲ್ಲಿ ಕೇಸ್ (ಷರತ್ತಿನಂತೆ ಆರಿಸುವ ಆಜ್ಞೆ) ಆಗಿ ಬರೆದು, ಮೊತ್ತವನ್ನೂ ಡೇಟಾಬೇಸಿನಲ್ಲೇ ಕೂಡಿಸಿ ತರುವುದು ಮೇಲು. ಒಂದು ಮಂಡಿಯ ವ್ಯವಹಾರಕ್ಕೆ ಇದರ ಅಗತ್ಯ ಬೀಳಲಾರದು.

ಚಿತ್ರದುರ್ಗದಿಂದ

ತಾಲ್ಲೂಕುವಾರು ಎಂದು ಬರೆದಿದ್ದೀರಿ. ನಾಳೆ ಜಿಲ್ಲಾವಾರು ಕೇಳುತ್ತಾರೆ. ಹರಪನಹಳ್ಳಿ 1997ರಲ್ಲಿ ದಾವಣಗೆರೆ ಜಿಲ್ಲೆಗೆ ಸೇರಿ, ನಂತರ ಬಳ್ಳಾರಿಗೆ ಮರಳಿ, 2021ರಲ್ಲಿ ರಚನೆಯಾದ ವಿಜಯನಗರ ಜಿಲ್ಲೆಗೆ ಹೋಗಿದೆ. ತಾಲ್ಲೂಕಿನ ಕೋಷ್ಟಕದಲ್ಲಿ ಜಿಲ್ಲೆಯ ಹೆಸರನ್ನು ತಿದ್ದಿದರೆ ಹಳೆಯ ವರ್ಷಗಳ ಜಿಲ್ಲಾ ಮೊತ್ತಗಳೂ ಸದ್ದಿಲ್ಲದೆ ಬದಲಾಗಿಬಿಡುತ್ತವೆ. ಜಿಲ್ಲೆಯೊಂದಿಗೆ ಅದು ಜಾರಿಯಲ್ಲಿದ್ದ ಅವಧಿಯನ್ನೂ ಇಡಿ.

ಇನ್ನೊಂದು, ಹೆಸರಿನ ಮೇಲೆ ಗುಂಪು ಮಾಡಬೇಡಿ, ಖಾತೆ ಸಂಖ್ಯೆಯ ಮೇಲೆ ಮಾಡಿ ಹೆಸರನ್ನು ತೋರಿಸಿ. ಒಂದೇ ಊರಿನಲ್ಲಿ ಒಂದೇ ಹೆಸರಿನ ಇಬ್ಬರು ರೈತರಿರುವುದು ನಮ್ಮ ಕಡೆ ಅಪರೂಪವೇನಲ್ಲ, ಅವರಿಬ್ಬರ ಚೀಲಗಳು ಒಂದೇ ಮೊತ್ತದಲ್ಲಿ ಸೇರಿಹೋದರೆ ಜಗಳ ಮಂಡಿಯ ಬಾಗಿಲಿಗೇ ಬರುತ್ತದೆ.

ಮತ್ತೆ ದಾವಣಗೆರೆಯಿಂದ

ಎಲ್ಲರಿಗೂ ಧನ್ಯವಾದಗಳು. ಫಾರ್ಮುಲಾದ ದಾರಿಯನ್ನೇ ಹಿಡಿದು, ಗುಂಪನ್ನು ಖಾತೆ ಸಂಖ್ಯೆಗೆ ಬದಲಿಸಿದ್ದೇನೆ. ಈಗ ರೈತರ ಸಾಲು ಅಕಾರಾದಿಯಲ್ಲಿ ಬರದೆ ಸಂಖ್ಯೆಯ ಕ್ರಮದಲ್ಲಿ ಬರುತ್ತಿದೆ. ಹೆಸರಿನ ಕೊನೆಗೆ ಖಾತೆ ಸಂಖ್ಯೆಯನ್ನು ಜೋಡಿಸಿ ಅದರ ಮೇಲೆ ಗುಂಪು ಮಾಡಿದರೆ ಎರಡೂ ಕೆಲಸ ಆಗುವಂತಿದೆ. ನಾಳೆಯ ಆವಕದ ಮೇಲೆ ಪರೀಕ್ಷಿಸಿ, ಹಳೆಯ ಮೂರು ವರದಿಗಳ ಮೊತ್ತಗಳೊಂದಿಗೆ ತಾಳೆ ನೋಡಿದ ನಂತರವೇ ಆ ಕಡತಗಳನ್ನು ತೆಗೆಯುತ್ತೇನೆ.