ಇಟಲಿಯ ಜಿನೋವಾದಲ್ಲಿ ಹಡಗು ನಿಲ್ಲೋದು ಒಂದೇ ದಿನ, ಏನು ನೋಡಬೇಕು? ಹೋಗಿ ಬಂದವರು ಹೇಳಿ

ತುಮಕೂರು_ತಿರುಗಾಟ: ಮುಂದಿನ ತಿಂಗಳು ಕ್ರೂಸ್ ಇದೆ. ಜಿನೋವಾದಲ್ಲಿ ಬೆಳಿಗ್ಗೆ 8ಕ್ಕೆ ಇಳಿದು ಸಂಜೆ 4:30ರೊಳಗೆ ವಾಪಸ್ ಹತ್ತಬೇಕು. ಅವತ್ತು ಸೋಮವಾರ. ಅಮ್ಮನಿಗೆ ಮಂಡಿ ನೋವು, ಜಾಸ್ತಿ ನಡೆಸೋಕೆ ಆಗಲ್ಲ. ಸಸ್ಯಾಹಾರಿಗಳು. ಅನುಭವ ಇದ್ದವರು ತಿಳಿಸಿ.

ದುಬೈ_ಗೌಡ: ಅಕ್ವೇರಿಯಂಗೆ ಹೋಗಿ, ಯೋಚನೆಯೇ ಬೇಡ. ನಾವು ಮಕ್ಕಳನ್ನು ಕರೆದುಕೊಂಡು ಹೋಗಿದ್ದೆವು. ನಾಲ್ಕು ಟಿಕೆಟ್‌ಗೆ ನೂರು ಯೂರೋ ದಾಟಿತು, ನೀರಿನ ಬಾಟಲಿಗೆ 3 ಯೂರೋ, ಮಗಳು ಹಠ ಮಾಡಿದ ಬಟ್ಟೆ ಡಾಲ್ಫಿನ್‌ಗೆ 22, ಅದರ ಕಣ್ಣು ಹಡಗಿಗೆ ಬರೋದರಲ್ಲೇ ಕಿತ್ತು ಬಂತು. ಆದರೂ ದುಡ್ಡು ದಂಡ ಆಗಲಿಲ್ಲ. ಕೊಲಂಬಸ್ ಹೊರಟು 500 ವರ್ಷ ಆಯಿತು ಅಂತ 1992ರಲ್ಲಿ ಹಳೇ ಬಂದರನ್ನೇ ವಾಸ್ತುಶಿಲ್ಪಿ ರೆನ್ಸೊ ಪಿಯಾನೊ ಹೊಸದಾಗಿ ರೂಪಿಸಿದ್ದು, ಅಕ್ವೇರಿಯಂ ಆಗ ಬಂದಿದ್ದು. ಪಕ್ಕದ ಗಲಾತಾ ಕಡಲ ಮ್ಯೂಸಿಯಂ ಮುಂದೆ ನಿಜವಾದ ಸಬ್‌ಮರೀನ್ ನೀರಲ್ಲೇ ನಿಂತಿದೆ, ಒಳಗೆ ಹೋಗಬಹುದು.

ಗಲ್ಲಿಗಳ_ಗೌರಿ: ಇಟಲಿಗೆ ಹೋಗಿ ಮೀನಿನ ತೊಟ್ಟಿ ನೋಡೋದಾ? ಅದು ದುಬೈ ಮಾಲ್‌ನಲ್ಲೇ ಇದೆಯಲ್ಲ ಗೌಡ್ರೇ. ನಾನು ಹಳೇ ಊರಿನ ಕಾರುಜ್ಜಿಗಳಲ್ಲೇ ಇಡೀ ದಿನ ಕಳೆದೆ. ಎರಡು ಕೈ ಚಾಚಿದರೆ ಗೋಡೆ ಸಿಗುವಂಥ ಓಣಿಗಳು. ಅಲ್ಲಿಂದ ವಿಯಾ ಗರಿಬಾಲ್ಡಿಗೆ ಬಂದರೆ ಸಾಲಾಗಿ ಅರಮನೆಗಳು. ರಾಜ್ಯದ ಅತಿಥಿಗಳು ಬಂದಾಗ ಯಾರ ಮನೆಯಲ್ಲಿ ಇಳಿಸಬೇಕು ಅಂತ ಪಟ್ಟಿ ಮಾಡಿ ಇಟ್ಟಿದ್ದರಂತೆ, ಆ ಪಟ್ಟಿಯ ಮನೆಗಳೇ ರೊಲ್ಲಿ ಅರಮನೆಗಳು. 2006ರಲ್ಲಿ ಯುನೆಸ್ಕೊ ವಿಶ್ವ ಪರಂಪರೆ ಪಟ್ಟಿಗೆ ಸೇರಿಸಿಕೊಂಡಿತು. ಅಲ್ಲೇ ಒಂದು ಅರಮನೆಯ ಮ್ಯೂಸಿಯಂನಲ್ಲಿರೋ, ಹೆಸರಾಂತ ಪಿಟೀಲು ವಾದಕ ಪಗನೀನಿಯ ಪಿಟೀಲು ನೋಡಲೇಬೇಕು ಅಂತ ಹೋದರೆ ಸೋಮವಾರ, ಬಾಗಿಲು ಹಾಕಿತ್ತು! ಹಡಗಿನ ಟೂರ್ ಡೆಸ್ಕ್‌ನವರು ಒಂದು ಮಾತು ಹೇಳಿರಲಿಲ್ಲ, ಇನ್ನೂ ಹೊಟ್ಟೆ ಉರಿಯುತ್ತದೆ. ಸಾನ್ ಲೊರೆನ್ಸೊ ಚರ್ಚ್ ನೋಡಿ ಸಮಾಧಾನ ಆಯಿತು. 1941ರ ಫೆಬ್ರವರಿ 9ರಂದು ಬ್ರಿಟಿಷ್ ಹಡಗು ಹಾರಿಸಿದ ಶೆಲ್ ಗೋಡೆ ತೂರಿ ಒಳಗೆ ಬಿದ್ದು ಸಿಡಿಯದೇ ಉಳಿಯಿತು. ಆ ನೆನಪಿಗೆ ಒಂದು ಶೆಲ್ ಇಟ್ಟಿದ್ದಾರೆ.

ಬರ್ಲಿನ್_ಭಟ್ಟ: ಇಬ್ಬರೂ ಊರೊಳಗೇ ಸುತ್ತಿದ್ದೀರಿ. ನಾನು ರೈಲು ಹತ್ತಿ ಹತ್ತಿರದ ಕರಾವಳಿ ಊರು ಕಮೊಲಿಗೆ ಹೋದೆ, ಮುಕ್ಕಾಲು ಗಂಟೆಯೂ ಬೇಡ. ಕಾಗದದ ಟಿಕೆಟನ್ನು ಪ್ಲಾಟ್‌ಫಾರ್ಮ್ ಮೆಷೀನ್‌ನಲ್ಲಿ ಮುದ್ರೆ ಒತ್ತಿಸಿರಲಿಲ್ಲ ಅಂತ ದಂಡ 50 ಯೂರೋ. ಮೆಷೀನ್ ಕೆಟ್ಟಿತ್ತು ಅಂದರೆ ಕೇಳೋರೇ ಇಲ್ಲ. ವಾಪಸ್ ಬರೋಣ ಅಂದರೆ ಮುಷ್ಕರ! ಬೆಳಿಗ್ಗೆ 6ರಿಂದ 9, ಸಂಜೆ 6ರಿಂದ 9 ಮಾತ್ರ ಖಾತ್ರಿ ರೈಲು. ನಮ್ಮ ಹಡಗು 5ಕ್ಕೆ. ಟ್ಯಾಕ್ಸಿಗೆ 95 ಯೂರೋ ಕಕ್ಕಿದೆ, ಮೇಲೆ ಬ್ಯಾಗಿಗೂ ದುಡ್ಡು ಕೇಳಿದ. ಆದರೂ ಆ ಬಣ್ಣದ ಮನೆಗಳು, ಆ ಸಮುದ್ರ... ಇವತ್ತು ಕರೆದರೂ ಅಲ್ಲಿಗೇ ಹೋಗುತ್ತೇನೆ.

ದುಬೈ_ಗೌಡ: 145 ಯೂರೋ ನೀರಿಗೆ ಹಾಕಿದವರು ನಮಗೆ ಬುದ್ಧಿ ಹೇಳ್ತಾರೆ 😂 ನಾವು ಕೊಲಂಬಸ್ ಹುಟ್ಟಿ ಬೆಳೆದ ಮನೆಯನ್ನೂ ನೋಡಿದೆವು.

ಗಲ್ಲಿಗಳ_ಗೌರಿ: ಯಾವ ಮನೆ? 1684ರಲ್ಲಿ ಫ್ರೆಂಚರು ಹಡಗಿನಿಂದ ಗುಂಡು ಸುರಿಸಿದಾಗ ಅದು ಬಿದ್ದೇ ಹೋಯಿತು. ಈಗಿರೋದು ಆಮೇಲೆ ಕಟ್ಟಿದ್ದು. ಪಕ್ಕದ ಪೋರ್ತಾ ಸೊಪ್ರಾನ ಮಾತ್ರ ನಿಜವಾದ 12ನೇ ಶತಮಾನದ ಕೋಟೆ ಬಾಗಿಲು. ಅದರ ಕಡೆ ತಿರುಗಿಯೂ ನೋಡಿರಲ್ಲ ನೀವು.

ದುಬೈ_ಗೌಡ: ಬೋರ್ಡ್ ಹಾಕಿದ್ದಾರಲ್ಲಾ ಮೇಡಂ, ಸರ್ಕಾರದವರಿಗೆ ಗೊತ್ತಿಲ್ಲವಾ?

ತುಮಕೂರು_ತಿರುಗಾಟ: ದಯವಿಟ್ಟು... ಅಮ್ಮನಿಗೆ ಮೆಟ್ಟಿಲು ಕಷ್ಟ. ಊಟದ ಬಗ್ಗೆಯಾದರೂ ಹೇಳಿ.

ಗಲ್ಲಿಗಳ_ಗೌರಿ: ಫರಿನಾತಾ ತಿನ್ನಿಸಿ. ಕಡಲೆ ಹಿಟ್ಟು, ನೀರು, ಆಲಿವ್ ಎಣ್ಣೆ, ಉಪ್ಪು, ಅಷ್ಟೇ. ದೊಡ್ಡ ತಾಮ್ರದ ತಟ್ಟೆಯಲ್ಲಿ ಸೌದೆ ಒಲೆಗೆ ಇಡುತ್ತಾರೆ. ಬೇಸಿಲ್ ಎಲೆ ಅರೆದು ಮಾಡೋ ಚಟ್ನಿಯಂಥ ಪೆಸ್ತೊ ಅಂತೂ ಆ ಊರಿನದೇ.

ಶುದ್ಧ_ಸಾತ್ವಿಕ: ಪೆಸ್ತೊದಲ್ಲಿ ಪಾರ್ಮಿಜಾನೊ ಚೀಸ್ ಇರುತ್ತದೆ. ಅದಕ್ಕೆ ಹೆಪ್ಪು ಹಾಕೋದು ಕರುವಿನ ಹೊಟ್ಟೆಯಿಂದ ತೆಗೆದ ರೆನೆಟ್. ಬೆಳ್ಳುಳ್ಳಿ ಬೇರೆ. ತಿಳಿಯದೇ ಜನಕ್ಕೆ ಹೇಳಬೇಡಿ.

ಬರ್ಲಿನ್_ಭಟ್ಟ: ಹಡಗಿನ ಬಫೆಯಲ್ಲಿ ಪಿಜ್ಜಾ ಮುಟ್ಟಲೇ ಇಲ್ವಾ ಸ್ವಾಮೀ ನೀವು?

ಶುದ್ಧ_ಸಾತ್ವಿಕ: ನಾನು ಕುಕ್ಕರ್ ಒಯ್ದಿದ್ದೆ. ಹತ್ತುವಾಗಲೇ ಕಿತ್ತಿಟ್ಟುಕೊಂಡರು. ಅದರ ಕಥೆ ಬೇರೆಯೇ ಇದೆ, ಬರೆಯುತ್ತೇನೆ.