ಸಹಾಯ ಬೇಕು: ಕಂಪ್ಯೂಟರಿನ 16 ಕೋರ್ ಹಾಕಿದರೂ ನೈಟ್ರೇಟ್ ಮಾಡೆಲ್ ವೇಗವಾಗಿ ಓಡುತ್ತಿಲ್ಲ

ನಮಸ್ಕಾರ. ಮಂಡ್ಯದ ಹತ್ತಿರ ನಮ್ಮ ಕಬ್ಬಿನ ಗದ್ದೆ ಪಕ್ಕದ ಬೋರ್‌ವೆಲ್ ನೀರಿಗೆ ಪರೀಕ್ಷಾ ಪಟ್ಟಿ ಅದ್ದಿದರೆ ಗಾಢ ಗುಲಾಬಿ ಬಣ್ಣ ಬರುತ್ತದೆ. ಅಂದರೆ ನೈಟ್ರೇಟ್ ಜಾಸ್ತಿ. ಕುಡಿಯುವ ನೀರಿಗೆ ಮಿತಿ ಲೀಟರಿಗೆ 45 ಮಿ.ಗ್ರಾಂ. ಊರಿನ ಮಕ್ಕಳು ಇದೇ ನೀರು ಕುಡಿಯುತ್ತಾರೆ, ಸುಮ್ನೆ ಕೂರಲು ಮನಸ್ಸಾಗುತ್ತಿಲ್ಲ.

ಯೂರಿಯಾ ಮಣ್ಣಲ್ಲಿ ನೈಟ್ರೇಟ್ ಆಗಿ, ನಾಲೆ ನೀರಿನ ಜೊತೆ ಕೆಳಗಿಳಿದು ಎತ್ತ ಹೋಗುತ್ತದೆ ಎಂದು ಪಿಎಫ್‌ಲೋಟ್ರಾನ್‌ನಲ್ಲಿ (ನೆಲದಡಿಯ ನೀರಿನ ಹರಿವು, ರಾಸಾಯನಿಕ ಕ್ರಿಯೆ ಲೆಕ್ಕ ಹಾಕುವ ಸಾಫ್ಟ್‌ವೇರ್) ಲೆಕ್ಕ ಹಾಕುತ್ತಿದ್ದೇನೆ. ಲೆಕ್ಕಕ್ಕಾಗಿ ನೆಲವನ್ನು ಭಾಗ ಮಾಡಿದ ಗ್ರಿಡ್ 200×200×30, ಅಂದರೆ 12 ಲಕ್ಷ ಕೋಶ. ಆಮ್ಲಜನಕ ಮುಗಿದ ಕಡೆ ಬ್ಯಾಕ್ಟೀರಿಯಾ ನೈಟ್ರೇಟನ್ನು ಒಡೆಯುವ ಕ್ರಿಯೆಯನ್ನೂ ಸೇರಿಸಿದ್ದೇನೆ.

ತೊಂದರೆ ಇಲ್ಲಿದೆ. ಒಂದು ಕೋರ್‌ನಲ್ಲಿ 26 ಗಂಟೆ. ಎಂಪಿಐ (ಕೆಲಸವನ್ನು ಕೋರ್‌ಗಳಿಗೆ ಹಂಚುವ ವ್ಯವಸ್ಥೆ) ಮೂಲಕ 4 ಕೋರ್ ಹಾಕಿದಾಗ 8 ಗಂಟೆ. 16 ಹಾಕಿದರೂ ಆರೂವರೆ! ಒಂದೊಂದು ಕೋರ್‌ಗೆ 75 ಸಾವಿರ ಕೋಶ ಸಿಗುತ್ತಿದೆ, ಹಾಗಾಗಿ ಕೋರ್‌ಗಳಿಗೆ ಸಾಕಷ್ಟು ಕೆಲಸವಿಲ್ಲದೆ ಹೀಗಾಯಿತು ಅನ್ನುವಂತಿಲ್ಲ ಅಲ್ವಾ? ಒಂದೇ ಮಶೀನು, ಎಲ್ಲ ಕೋರ್‌ಗಳೂ ಒಂದೇ ಮೆಮೊರಿಗೆ ಕಾಯುತ್ತಿವೆ ಎಂಬುದು ನನ್ನ ಅನುಮಾನ.

ಪಿಎಫ್‌ಲೋಟ್ರಾನ್ ಬಳಸುವ ಗಣಿತದ ಲೈಬ್ರರಿ ಪೆಟ್‌ಎಸ್‌ಸಿಯ ಲಾಗ್ ವ್ಯೂ (ಯಾವ ಹಂತಕ್ಕೆ ಎಷ್ಟು ಸಮಯ ಹೋಯಿತೆಂಬ ವರದಿ) ಓದಲು ಬರುವವರು ಒಮ್ಮೆ ನೋಡುತ್ತೀರಾ? ಸಾಲ್ವರ್ (ಸಮೀಕರಣ ಬಿಡಿಸುವ ವಿಧಾನ) ಬದಲಿಸಬೇಕಾ, ಅಥವಾ ಎರಡು ಮಶೀನಿಗೆ ಹಂಚಬೇಕಾ? ಮೈಸೂರಿನಲ್ಲಿದ್ದರೆ ಲ್ಯಾಪ್‌ಟಾಪ್ ಹಿಡಿದು ನಾನೇ ಬರುತ್ತೇನೆ.